ಆಪಲ್ ನಮ್ಮನ್ನು ಮರೆತಿದೆಯಾ? ಹಳೇ ಐಮ್ಯಾಕ್ ಇಟ್ಟುಕೊಂಡವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ವಿಡಿಯೊ ಎಡಿಟರ್. ಪವರ್‌ಪಿಸಿ (ಇಂಟೆಲ್‌ಗೂ ಮೊದಲು ಮ್ಯಾಕ್‌ನಲ್ಲಿದ್ದ ಚಿಪ್) ಕಾಲದಿಂದ ಮ್ಯಾಕ್ ಬಿಟ್ಟು ಬೇರೆ ಕಂಪ್ಯೂಟರ್ ಮುಟ್ಟಿದವನಲ್ಲ. 2013ರ ಮ್ಯಾಕ್ ಪ್ರೊ ಕೊಂಡು, ಅದರ ಮುಂದಿನ ಮಾಡೆಲ್‌ಗೆ ವರ್ಷಗಟ್ಟಲೆ ಕಾದೆ. ಬೇಸತ್ತು 2020ರಲ್ಲಿ 27 ಇಂಚಿನ ಐಮ್ಯಾಕ್ ತಗೊಂಡೆ. ಅದೇ ವರ್ಷ ಆಪಲ್‌ನ ಸ್ವಂತ ಚಿಪ್ ಎಂ1 ಬಂತು. ಆಮೇಲೆ ದೊಡ್ಡ ಐಮ್ಯಾಕನ್ನೇ ನಿಲ್ಲಿಸಿಬಿಟ್ಟರು. 2025ರ ಮ್ಯಾಕ್‌ಓಎಸ್ ಟಾಹೋ ಆದಮೇಲೆ, ನನ್ನದರಂಥ ಇಂಟೆಲ್ ಚಿಪ್‌ನ ಮ್ಯಾಕ್‌ಗಳಿಗೆ ಹೊಸ ಮ್ಯಾಕ್‌ಓಎಸ್ ಇಲ್ಲವಂತೆ. ಇತ್ತೀಚೆಗೆ ಎಡಿಟಿಂಗ್ ಕೂಡ ತಡವರಿಸುತ್ತಿದೆ. ಹೊಸದು ಕೊಳ್ಳಲಿ ಅಂತ ಬೇಕಂತಲೇ ನಿಧಾನ ಮಾಡುತ್ತಾರೆ ಅಂತ ಗೆಳೆಯರು ಹೇಳುತ್ತಾರೆ. ಫೋನ್ ಮಾರೋ ಕಂಪನಿಗೆ ನಮ್ಮಂಥವರು ಬೇಡವಾದೆವಾ? ಇದನ್ನೇ ಇಟ್ಟುಕೊಳ್ಳಲಾ, ಹೊಸ ಮ್ಯಾಕ್ ಕೊಳ್ಳಲಾ, ಕಾಯಲಾ, ಇಲ್ಲಾ ವಿಂಡೋಸ್‌ಗೆ ಹೋಗಲಾ?

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಎಡಿಟಿಂಗ್ ಸ್ಟುಡಿಯೊಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಮಾತನ್ನು ನಾನು ಹೆಚ್ಚಾಗಿ ಕೇಳುವುದು ಮ್ಯಾಕ್ ಅಂದರೆ ಜೀವ ಅನ್ನುವವರ ಬಾಯಲ್ಲೇ. ಇವತ್ತು ಒಂದು, ನಾಳೆ ಇನ್ನೊಂದು ಅಂತ ಬದಲಾಯಿಸುವವರಿಗೆ ಈ ನೋವು ಗೊತ್ತಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಮೂರು ದೂರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೆಷಿನ್ ನಿಧಾನ ಆಗಿದೆ ಅನ್ನುವುದು ಒಂದು. ಹೊಸ ಮಾಡೆಲ್‌ಗಳನ್ನು ಸಮಯಕ್ಕೆ ಸರಿಯಾಗಿ ತರಲಿಲ್ಲ ಅನ್ನುವುದು ಎರಡನೆಯದು. ಇರುವ ಮೆಷಿನ್‌ಗೆ ಬೆಂಬಲ ನಿಲ್ಲುತ್ತಿದೆ ಅನ್ನುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಎಲ್ಲವನ್ನೂ "ಕಂಪನಿ ಕೈಬಿಟ್ಟಿತು" ಅನ್ನುವ ಒಂದೇ ಗಂಟಿಗೆ ಕಟ್ಟಿದರೆ ತಪ್ಪು ಕಡೆ ದುಡ್ಡು ಹಾಕುತ್ತೀರಿ.

ಮೊದಲು ನಿಧಾನದ ವಿಷಯ. ಬೇಕಂತಲೇ ನಿಧಾನ ಮಾಡುತ್ತಾರೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ಗೊತ್ತಿರಲಿ. ಬ್ಯಾಟರಿ ಹಳೆಯದಾದ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸುತ್ತಿದ್ದೇವೆ ಅಂತ 2017ರ ಡಿಸೆಂಬರ್‌ನಲ್ಲಿ ಆಪಲ್ ಒಪ್ಪಿಕೊಂಡಿತು. ಫೋನ್ ದಿಢೀರ್ ಆಫ್ ಆಗದಿರಲಿ ಅಂತ ಹಾಗೆ ಮಾಡಿದ್ದು ಅಂದಿತು. ಬಳಕೆದಾರರಿಗೆ ಮೊದಲೇ ಸರಿಯಾಗಿ ಹೇಳದೆ ಇದ್ದದ್ದು ತಪ್ಪೇ. 2020ರಲ್ಲಿ ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೂ ಒಪ್ಪಬೇಕಾಯಿತು. ಜನರ ನಂಬಿಕೆ ಮುರಿದದ್ದು ಅಲ್ಲಿ. ಆದರೆ ಅದು ಐಫೋನ್ ಬ್ಯಾಟರಿಯ ವಿಷಯ. ನಿಮ್ಮ ಐಮ್ಯಾಕ್ ಓಡುವುದು ಬ್ಯಾಟರಿಯಿಂದಲ್ಲ. ಹಾಗೆ ನಿಧಾನ ಮಾಡುವ ವ್ಯವಸ್ಥೆ ಅದರಲ್ಲಿದೆ ಅನ್ನುವುದಕ್ಕೆ ಆಧಾರವನ್ನೂ ನಾನು ಕಂಡಿಲ್ಲ.

ಹಾಗಾದರೆ ತಡವರಿಸುತ್ತಿರುವುದು ಯಾಕೆ? ಒಂದು ಸರಳ ಪರೀಕ್ಷೆ ಮಾಡಿ. 2021ರ ಯಾವುದಾದರೂ ಹಳೇ ಪ್ರಾಜೆಕ್ಟ್ ತೆರೆದು, ಅದೇ ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಅದು ಆಗಿನ ಹಾಗೇ ಸಲೀಸಾಗಿ ಓಡಿದರೆ ನಿಮ್ಮ ಮೆಷಿನ್ ನಿಧಾನವಾಗಿಲ್ಲ, ನೀವು ಅದಕ್ಕೆ ಕೊಡುತ್ತಿರುವ ಫುಟೇಜ್ ಭಾರವಾಗಿದೆ. ಹೊಸ ಕ್ಯಾಮೆರಾಗಳಲ್ಲಿ ಬಹಳಷ್ಟು 10 ಬಿಟ್, 4:2:2 ಎಚ್.265 ಫೈಲ್‌ಗಳನ್ನು, ಅಂದರೆ ಬಣ್ಣದ ವಿವರ ಜಾಸ್ತಿ ಇದ್ದು ಬಿಗಿಯಾಗಿ ಅದುಮಿದ ಫೈಲ್‌ಗಳನ್ನು ಕೊಡುತ್ತವೆ. ಈ ಬಗೆಯ ಫೈಲ್ ಬಿಡಿಸಲು ಆಪಲ್‌ನ ಎಂ ಸರಣಿಯ ಚಿಪ್‌ಗಳಲ್ಲಿ ಪ್ರತ್ಯೇಕ ಹಾರ್ಡ್‌ವೇರ್ ಇದೆ. 2020ರ ಐಮ್ಯಾಕ್‌ನಲ್ಲಿ ಇಲ್ಲ. ಅಲ್ಲಿ ಪ್ರತಿ ಫ್ರೇಮನ್ನೂ ಪ್ರೊಸೆಸರೇ ಬಿಡಿಸಬೇಕು. ಟೈಮ್‌ಲೈನ್ ಮುಗ್ಗರಿಸುವುದು ಅಲ್ಲೇ. ಎಷ್ಟೋ ಜನ "ಅಪ್‌ಡೇಟ್ ಹಾಕಿದ ಮೇಲೆ ಹೀಗಾಯಿತು" ಅಂತ ಬರುತ್ತಾರೆ. ಕೇಳಿದರೆ ಅದೇ ಹೊತ್ತಿಗೆ ಹೊಸ ಕ್ಯಾಮೆರಾ ಬಂದಿರುತ್ತದೆ. ಇದಕ್ಕೆ ಹೊಸ ಕಂಪ್ಯೂಟರ್ ಬೇಕಂತೇನೂ ಇಲ್ಲ. ಫುಟೇಜನ್ನು ಮೊದಲು ಎಡಿಟಿಂಗ್‌ಗೆ ಸಲೀಸಾದ ಪ್ರೊರೆಸ್ ಮಾದರಿಗೆ ಬದಲಾಯಿಸಿಕೊಳ್ಳಿ, ಇಲ್ಲಾ ಪ್ರಾಕ್ಸಿ, ಅಂದರೆ ಹಗುರವಾದ ನಕಲು, ಮಾಡಿಕೊಂಡು ಎಡಿಟ್ ಮಾಡಿ. ಜಾಗ ಜಾಸ್ತಿ ಬೇಕಾಗುತ್ತದೆ, ಬದಲಾಯಿಸಲು ಸ್ವಲ್ಪ ಸಮಯವೂ ಹಿಡಿಯುತ್ತದೆ. ಆದರೆ ವ್ಯತ್ಯಾಸ ಅವತ್ತೇ ಕಾಣುತ್ತದೆ.

ಹಳೇ ಪ್ರಾಜೆಕ್ಟ್ ಕೂಡ ಎಳೆದಾಡಿದರೆ ಬೇರೆ ಕಡೆ ನೋಡಬೇಕು. ದೊಡ್ಡ ಅಪ್‌ಡೇಟ್ ಆದಮೇಲೆ ಕೆಲವು ದಿನ ಫೈಲ್ ಹುಡುಕುವ ಸ್ಪಾಟ್‌ಲೈಟ್ ಮತ್ತು ಫೋಟೋಸ್ ತೆರೆಮರೆಯಲ್ಲಿ ಎಲ್ಲವನ್ನೂ ಹೊಸದಾಗಿ ಪಟ್ಟಿ ಮಾಡುತ್ತಿರುತ್ತವೆ, ಅದು ತಾನಾಗೇ ಮುಗಿಯುತ್ತದೆ. ಒಳಗಿನ ಡಿಸ್ಕ್ ಮುಕ್ಕಾಲಿಗಿಂತ ಜಾಸ್ತಿ ತುಂಬಿದ್ದರೆ ಖಾಲಿ ಮಾಡಿ. ಆಕ್ಟಿವಿಟಿ ಮಾನಿಟರ್‌ನಲ್ಲಿ ಕರ್ನಲ್ ಟಾಸ್ಕ್ ಅನ್ನುವುದು ಪ್ರೊಸೆಸರ್‌ನ ದೊಡ್ಡ ಪಾಲು ತಿನ್ನುತ್ತಿದ್ದರೆ, ಸಾಮಾನ್ಯವಾಗಿ ಅದು ಬಿಸಿಯ ಲಕ್ಷಣ. ಮೆಷಿನ್ ತನ್ನನ್ನು ತಾನೇ ತಣ್ಣಗಿಡಲು ಕೆಲಸ ತಗ್ಗಿಸುತ್ತಿರುತ್ತದೆ. ಇಷ್ಟು ವರ್ಷ ಓಡಿದ ಐಮ್ಯಾಕ್ ಒಳಗೆ ಧೂಳು ಕೂತೇ ಇರುತ್ತದೆ. ಆದರೆ ಅದರ ಪರದೆಯನ್ನು ಅಂಟು ಹಾಕಿ ಕೂರಿಸಿದ್ದಾರೆ. ಅದನ್ನು ನೀವೇ ಬಿಚ್ಚಲು ಹೋಗಬೇಡಿ, ಮಾಡಿ ಗೊತ್ತಿದ್ದವರ ಕೈಗೆ ಕೊಡಿ. ಟಾಹೋದ ಗಾಜಿನಂಥ ಹೊಸ ನೋಟವೂ ಗ್ರಾಫಿಕ್ಸ್‌ಗೆ ಹೊರೆ. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಪಾರದರ್ಶಕತೆ ಕಡಿಮೆ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ ನೋಡಿ.

ಇನ್ನು ಎರಡನೇ ದೂರು. ಇದರಲ್ಲಿ ನೀವು ಹೇಳುವುದು ನಿಜ. 2013ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಮ್ಯಾಕ್ ಪ್ರೊ 2019ರ ಡಿಸೆಂಬರ್‌ವರೆಗೆ ಅದೇ ಒಡಲಲ್ಲಿ ಕೂತಿತ್ತು. ಆರು ವರ್ಷ! 2014ರ ಮ್ಯಾಕ್ ಮಿನಿಗೆ ಮುಂದಿನ ಮಾಡೆಲ್ ಬಂದಿದ್ದು 2018ರಲ್ಲಿ. 2015ರಿಂದ ಬಂದ ತೆಳ್ಳನೆ ಚಿಟ್ಟೆ ಕೀಬೋರ್ಡ್ ಎಷ್ಟು ಕೈಕೊಟ್ಟಿತು ಅಂದರೆ, 2018ರಲ್ಲಿ ಕಂಪನಿಯೇ ಉಚಿತ ರಿಪೇರಿ ಯೋಜನೆ ಶುರು ಮಾಡಬೇಕಾಯಿತು. ನಿರ್ಲಕ್ಷ್ಯ ಅನ್ನುವ ಮಾತು ಆ ವರ್ಷಗಳಿಗೆ ಸರಿಯಾಗೇ ಹೊಂದುತ್ತದೆ.

ಯಾಕೆ ಹಾಗಾಯಿತು ಅನ್ನುವುದು ನಿಮಗೆ ಗೊತ್ತಿರಬೇಕು. ಮುಂದಿನ ತೀರ್ಮಾನಕ್ಕೆ ಅದು ಬೇಕಾಗುತ್ತದೆ. ದುಡ್ಡಿನ ಲೆಕ್ಕದಿಂದ ಶುರು ಮಾಡೋಣ. 2015ರ ಹಣಕಾಸು ವರ್ಷದಲ್ಲಿ ಆಪಲ್‌ನ ಒಟ್ಟು ಮಾರಾಟ ಸುಮಾರು 23,400 ಕೋಟಿ ಡಾಲರ್. ಅದರಲ್ಲಿ ಐಫೋನ್‌ನದ್ದೇ ಸುಮಾರು 15,500 ಕೋಟಿ. ಮ್ಯಾಕ್‌ನದ್ದು 2,550 ಕೋಟಿ. ಅಂದರೆ ನೂರಕ್ಕೆ ಹನ್ನೊಂದು ಪಾಲು. ಅದರೊಳಗೆ ನಿಮ್ಮಂಥ ವೃತ್ತಿಪರರು ಕೊಳ್ಳುವ ದೊಡ್ಡ ಮೆಷಿನ್‌ಗಳ ಪಾಲು ಇನ್ನೂ ಚಿಕ್ಕದು.

ಇದಕ್ಕಿಂತ ಮುಖ್ಯವಾದ ಸಂಗತಿ ಕಂಪನಿಯ ಒಳಗಿನ ಏರ್ಪಾಡು. ಆಪಲ್‌ನಲ್ಲಿ ಮ್ಯಾಕ್‌ಗೆ ಅಂತ ತನ್ನದೇ ಲಾಭ ನಷ್ಟ ನೋಡಿಕೊಳ್ಳುವ ಪ್ರತ್ಯೇಕ ವಿಭಾಗ ಇಲ್ಲ. ಹಾರ್ಡ್‌ವೇರ್ ಒಂದು, ಸಾಫ್ಟ್‌ವೇರ್ ಒಂದು, ವಿನ್ಯಾಸ ಒಂದು ಹೀಗೆ ಕೆಲಸದ ಪ್ರಕಾರ ತಂಡಗಳು. ಹಾಗಾಗಿ ಒಂದು ಕಡೆ ತುರ್ತು ಬಂದರೆ ಇನ್ನೊಂದು ಕಡೆಯಿಂದ ಜನ ಎತ್ತಿಕೊಳ್ಳುತ್ತಾರೆ. ಇದು ಗುಟ್ಟೇನಲ್ಲ. 2007ರ ಏಪ್ರಿಲ್‌ನಲ್ಲಿ ಕಂಪನಿಯೇ ಬಹಿರಂಗವಾಗಿ ಹೇಳಿತ್ತು: ಮೊದಲ ಐಫೋನ್ ಮುಗಿಸಲು ಮ್ಯಾಕ್ ತಂಡದಿಂದ ಎಂಜಿನಿಯರ್‌ಗಳನ್ನು ಎರವಲು ಪಡೆದಿದ್ದೇವೆ, ಹಾಗಾಗಿ ಮ್ಯಾಕ್‌ನ ಮುಂದಿನ ಓಎಸ್ ಆದ ಲೆಪರ್ಡ್ ಅಕ್ಟೋಬರ್‌ಗೆ ಮುಂದೆ ಹೋಗುತ್ತದೆ ಅಂತ. ಅದೇ ವರ್ಷ ಜನವರಿಯಲ್ಲಿ ಕಂಪನಿ ತನ್ನ ಹೆಸರಿನಿಂದ ಕಂಪ್ಯೂಟರ್ ಅನ್ನುವ ಪದವನ್ನೂ ತೆಗೆದಿತ್ತು. ನಿಮ್ಮ ಮೇಲೆ ಯಾರಿಗೂ ದ್ವೇಷ ಇರಲಿಲ್ಲ. ಸರದಿಯಲ್ಲಿ ನಿಮ್ಮ ಜಾಗ ಹಿಂದಿತ್ತು.

2013ರ ಮ್ಯಾಕ್ ಪ್ರೊ ಕಥೆಯಲ್ಲಿ ಇನ್ನೊಂದು ಕಾರಣವೂ ಸೇರಿತ್ತು. ಆ ಉರುಟು ಮೆಷಿನ್ ಒಳಗೆ ಬಿಸಿ ಹೊರಹಾಕಲು ಮೂರು ಮುಖದ ಒಂದೇ ಲೋಹದ ಹೀಟ್ ಸಿಂಕ್. ಒಂದು ಮುಖಕ್ಕೆ ಪ್ರೊಸೆಸರ್, ಇನ್ನೆರಡಕ್ಕೆ ಮಧ್ಯಮ ಗಾತ್ರದ ಎರಡು ಗ್ರಾಫಿಕ್ಸ್ ಕಾರ್ಡ್. ಮುಂದೆ ಲೋಕ ಎರಡು ಚಿಕ್ಕ ಕಾರ್ಡ್‌ಗಳ ಕಡೆ ಹೋಗಲಿಲ್ಲ, ತುಂಬಾ ಬಿಸಿಯಾಗುವ ಒಂದೇ ದೊಡ್ಡ ಕಾರ್ಡ್ ಕಡೆ ಹೋಯಿತು. ಅದನ್ನು ಆ ಡಬ್ಬದೊಳಗೆ ತಣ್ಣಗಿಡಲು ದಾರಿ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಆಪಲ್‌ನ ಆಗಿನ ಹಿರಿಯ ಅಧಿಕಾರಿಗಳಾದ ಫಿಲ್ ಶಿಲ್ಲರ್, ಕ್ರೇಗ್ ಫೆಡರಿಗಿ, ಜಾನ್ ಟರ್ನಸ್ ಕೆಲವು ಪತ್ರಕರ್ತರನ್ನು ಕರೆದು ಕೂರಿಸಿಕೊಂಡು ಇದನ್ನು ಒಪ್ಪಿಕೊಂಡರು. ಬಿಸಿಯ ವಿಷಯದಲ್ಲಿ ನಾವೇ ವಿನ್ಯಾಸ ಮಾಡಿಕೊಂಡು ಮೂಲೆಗೆ ಸಿಕ್ಕಿಬಿದ್ದೆವು ಅನ್ನುವ ಅರ್ಥದ ಮಾತು ಫೆಡರಿಗಿ ಅವರದ್ದು.

ಆ ಒಪ್ಪಿಗೆ ಸುಮ್ನೆ ಬರಲಿಲ್ಲ. ನಿಮ್ಮಂಥವರು ಗಲಾಟೆ ಮಾಡಿದ್ದಕ್ಕೆ, ಕೆಲವರು ಬಿಟ್ಟು ಹೋಗಿದ್ದಕ್ಕೆ ಬಂತು. ಆಮೇಲೆ ಎಡಿಟರ್‌ಗಳು, ಸಂಗೀತಗಾರರು, ಅನಿಮೇಷನ್ ಮಾಡುವವರನ್ನು ಸೇರಿಸಿಕೊಂಡು ಅವರ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನೋಡುವ ತಂಡವನ್ನು ಒಳಗೇ ಕಟ್ಟಿದರು. 2019ರಲ್ಲಿ ಹಳೇ ಬಗೆಯ ಕೀಬೋರ್ಡ್ ವಾಪಸ್ ಬಂತು. 2021ರಲ್ಲಿ ಮ್ಯಾಕ್‌ಬುಕ್ ಪ್ರೊಗೆ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಜಾಗ ಎರಡೂ ವಾಪಸ್ ಬಂದವು. ಚಿಪ್ ತನ್ನದೇ ಆದಮೇಲೆ ಇಂಟೆಲ್‌ಗೆ ಕಾಯುವುದೂ ತಪ್ಪಿತು. ಹಾಗಾಗಿ ಮ್ಯಾಕನ್ನೇ ಮುಚ್ಚಿಬಿಡುತ್ತಾರೆ ಅನ್ನುವ ಭಯಕ್ಕೆ ಈಗ ಅರ್ಥ ಇಲ್ಲ.

ಆದರೂ ಒಂದು ಮೂಲೆಯಲ್ಲಿ ಹಳೇ ಚಾಳಿ ಉಳಿದಿದೆ. 2023ರ ಜೂನ್‌ನಲ್ಲಿ ಆಪಲ್‌ನ ಎಂ2 ಅಲ್ಟ್ರಾ ಚಿಪ್ ಹಾಕಿದ ಮ್ಯಾಕ್ ಪ್ರೊ ಬಂತು. ಹಿಂದಿನ ಇಂಟೆಲ್ ಮಾಡೆಲ್‌ಗೆ 1.5 ಟಿಬಿವರೆಗೆ ಮೆಮೊರಿ ಹಾಕಬಹುದಿತ್ತು. ಇದರಲ್ಲಿ ಜಾಸ್ತಿ ಅಂದರೆ 192 ಜಿಬಿ. ಒಳಗೆ ಕಾರ್ಡ್ ಜಾಗಗಳಿವೆ, ಆದರೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕೆಲಸ ಮಾಡುವುದಿಲ್ಲ. 2025ರ ಮಾರ್ಚ್‌ನಲ್ಲಿ ಎಂ3 ಅಲ್ಟ್ರಾ ಬಂದಾಗ ಅದು ಹೋಗಿದ್ದು ಚಿಕ್ಕ ಡಬ್ಬದಂಥ ಮ್ಯಾಕ್ ಸ್ಟುಡಿಯೊಗೆ. ದೊಡ್ಡ ಟವರ್ ಮಾಡೆಲ್ ಮೇಲೆ ಭರವಸೆ ಇಟ್ಟು ಕಾಯುತ್ತಿದ್ದರೆ, ನನ್ನ ಸಲಹೆ ಒಂದೇ, ಕಾಯಬೇಡಿ.

ಈಗ ಮೂರನೇ ದೂರು, ಬೆಂಬಲ. ಇಲ್ಲಿ ಎರಡು ಬೇರೆ ಗಡುವುಗಳಿವೆ. ಇದು ಗೊತ್ತಿಲ್ಲದೆ ಬಹಳ ಜನ ಮೋಸ ಹೋಗುತ್ತಾರೆ. ಹೊಸ ಮ್ಯಾಕ್‌ಓಎಸ್ ಸಿಗುತ್ತದೋ ಇಲ್ಲವೋ ಅನ್ನುವುದು, ಮಾಡೆಲ್ ಮೊದಲು ಯಾವಾಗ ಬಂತು, ಅದರಲ್ಲಿ ಯಾವ ಚಿಪ್ ಇದೆ ಅನ್ನುವುದರ ಮೇಲೆ ನಿಂತಿದೆ. ನೀವು ಯಾವಾಗ ಕೊಂಡಿರಿ ಅನ್ನುವುದಕ್ಕೆ ಅಲ್ಲಿ ಲೆಕ್ಕ ಇಲ್ಲ. 2018ರ ಮ್ಯಾಕ್ ಮಿನಿಯ ಇಂಟೆಲ್ ಮಾಡೆಲನ್ನು 2023ರ ಜನವರಿವರೆಗೆ ಮಾರುತ್ತಿದ್ದರು. ಅದಕ್ಕೆ 2025ರ ಟಾಹೋ ಸಿಗಲಿಲ್ಲ. ಕೊನೆಯಲ್ಲಿ ಕೊಂಡವರಿಗೆ ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಯಾವುದೇ ಮ್ಯಾಕ್ ಕೊಳ್ಳುವಾಗ ಅದು ಮಾರುಕಟ್ಟೆಗೆ ಬಂದ ತಿಂಗಳು ನೋಡಿ ಅಂತ ಎಲ್ಲರಿಗೂ ಹೇಳುವುದು ಇದಕ್ಕೇ.

ರಿಪೇರಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಅದು ಶುರುವಾಗುವುದು ಕಂಪನಿ ಆ ಮಾಡೆಲ್ ಮಾರುವುದನ್ನು ನಿಲ್ಲಿಸಿದ ದಿನದಿಂದ. ಐದು ವರ್ಷ ಕಳೆದರೆ ಅದು ವಿಂಟೇಜ್ ಪಟ್ಟಿಗೆ, ಏಳು ವರ್ಷ ಕಳೆದರೆ ಅಬ್ಸೊಲೀಟ್ ಪಟ್ಟಿಗೆ. ವಿಂಟೇಜ್ ಆದಮೇಲೆ ಬಿಡಿಭಾಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಬ್ಸೊಲೀಟ್ ಆದಮೇಲೆ ಕಂಪನಿಯ ಹಾರ್ಡ್‌ವೇರ್ ಸರ್ವಿಸ್ ಸಿಗುವುದಿಲ್ಲ. 27 ಇಂಚಿನ ಐಮ್ಯಾಕ್ ಮಾರಾಟ ನಿಂತಿದ್ದು 2022ರ ಮಾರ್ಚ್‌ನಲ್ಲಿ. ಹಾಗಾಗಿ ನಿಮ್ಮದು 2027ರ ಹೊತ್ತಿಗೆ ವಿಂಟೇಜ್, 2029ಕ್ಕೆ ಅಬ್ಸೊಲೀಟ್. ರಿಪೇರಿ ಮಾಡಿಸುವುದಿದ್ದರೆ ಆದಷ್ಟು ಬೇಗ ಮಾಡಿಸಿಕೊಳ್ಳಿ.

ಭದ್ರತೆಯ ಅಪ್‌ಡೇಟ್ ಇನ್ನೊಂದು ವಿಷಯ. ಹೊಸ ಮ್ಯಾಕ್‌ಓಎಸ್ ನಿಂತ ದಿನವೇ ಮೆಷಿನ್ ಸಾಯುತ್ತದೆ ಅನ್ನುವುದು ಸುಳ್ಳು. ಟಾಹೋವೇ ಇಂಟೆಲ್‌ಗೆ ಕೊನೆಯದು ಅಂತ 2025ರ ಜೂನ್‌ನಲ್ಲಿ ಹೇಳುವಾಗಲೇ, ಮೂರು ವರ್ಷ ಭದ್ರತೆಯ ಅಪ್‌ಡೇಟ್ ಕೊಡುತ್ತೇವೆ ಅಂತಲೂ ಆಪಲ್ ಹೇಳಿದೆ. ಅಂದರೆ 2028ರವರೆಗೆ ನಿಮಗೆ ಸಮಯ ಇದೆ. ಪವರ್‌ಪಿಸಿ ಬಿಟ್ಟು ಇಂಟೆಲ್‌ಗೆ ಹೋದಾಗಲೂ ಹೊಸ ಓಎಸ್ ಹೀಗೇ ನಿಂತಿತ್ತು. ಕೊನೆಯ ಪವರ್ ಮ್ಯಾಕ್ ಜಿ5 ಮಾರಿದ್ದು 2006ರಲ್ಲಿ, 2009ರ ಸ್ನೋ ಲೆಪರ್ಡ್ ಅದರ ಮೇಲೆ ಓಡಲೇ ಇಲ್ಲ. ಅದನ್ನು ನೀವೇ ಕಂಡಿದ್ದೀರಿ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಇದನ್ನೇ ಇಟ್ಟುಕೊಳ್ಳುವುದು ಒಳ್ಳೇ ಆಯ್ಕೆ, ಒಂದೆರಡು ಷರತ್ತಿನ ಮೇಲೆ. ಈ ಐಮ್ಯಾಕ್‌ನ ಹಿಂಭಾಗದ ಚಿಕ್ಕ ಬಾಗಿಲು ತೆಗೆದು ನೀವೇ 128 ಜಿಬಿವರೆಗೆ ಮೆಮೊರಿ ಹಾಕಬಹುದು. ಮುಂದೆ ಯಾವ ಐಮ್ಯಾಕ್‌ನಲ್ಲೂ ಈ ಬಾಗಿಲು ಬರಲಿಲ್ಲ. ಫುಟೇಜನ್ನು ಥಂಡರ್‌ಬೋಲ್ಟ್ ಎಸ್‌ಎಸ್‌ಡಿಗೆ ಸರಿಸಿ. ಆದರೆ ನಿಜವಾದ ಅಪಾಯ ಬೇರೆ ಕಡೆ ಇದೆ. ಇದರೊಳಗೆ ಭದ್ರತೆಗೆ ಅಂತ ಟಿ2 ಚಿಪ್ ಇದೆ. ಡಿಸ್ಕ್‌ನಲ್ಲಿರುವುದೆಲ್ಲ ಆ ಚಿಪ್‌ಗೆ ಮಾತ್ರ ಗೊತ್ತಿರುವ ಕೀಲಿಯಿಂದ ಬೀಗ ಹಾಕಿಕೊಂಡಿರುತ್ತದೆ. ಬೋರ್ಡ್ ಸುಟ್ಟರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಓದುತ್ತೇನೆ ಅಂದರೆ ಆಗದು. ಹಳೇ ಮ್ಯಾಕ್‌ಗಳ ಅಭ್ಯಾಸದಲ್ಲಿ ಇದ್ದವರು ಇದನ್ನು ಮರೆಯುತ್ತಾರೆ. ಅತ್ತುಕೊಂಡು ಬರುವ ಜನರಲ್ಲಿ ಇಂಥವರೇ ಜಾಸ್ತಿ. ಮ್ಯಾಕ್‌ನದ್ದೇ ಬ್ಯಾಕಪ್ ಆದ ಟೈಮ್ ಮಷೀನ್ ಒಂದು, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ, ಎರಡೂ ಇರಲೇಬೇಕು. ಈ ವಾರವೇ ಮಾಡಿ.

ಹೊಸ ಮ್ಯಾಕ್ ಕೊಳ್ಳುವುದಾದರೆ, ನಿಮ್ಮ ಕೆಲಸಕ್ಕೆ ಮ್ಯಾಕ್ ಸ್ಟುಡಿಯೊ, ಇಲ್ಲಾ ಪ್ರೊ ಚಿಪ್ ಇರುವ ಮ್ಯಾಕ್ ಮಿನಿ ಸಾಕು. ಆ 4:2:2 ಫುಟೇಜ್ ಇವೆರಡರಲ್ಲೂ ನೀರು ಕುಡಿದ ಹಾಗೆ ಓಡುತ್ತದೆ. ಅಪಾಯ ಏನಂದರೆ ಮೆಮೊರಿಯ ವಿಷಯದಲ್ಲಿ ಕೊಂಡ ದಿನದ ತೀರ್ಮಾನವೇ ಕೊನೆಯದು, ಆಮೇಲೆ ಸೇರಿಸಲು ಆಗುವುದಿಲ್ಲ. ದುಡ್ಡು ಲೆಕ್ಕದ್ದಾದರೆ ಒಳಗಿನ ಡಿಸ್ಕ್ ಚಿಕ್ಕದಿರಲಿ, ಅದನ್ನು ಹೊರಗಿನಿಂದ ತುಂಬಿಸಿಕೊಳ್ಳಬಹುದು. ಮೆಮೊರಿಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಪರದೆಯನ್ನೂ ಬೇರೆ ಕೊಳ್ಳಬೇಕು. ನಿಮ್ಮ ಐಮ್ಯಾಕ್‌ನ ಅಷ್ಟು ಚೆಂದದ 5ಕೆ ಪರದೆಗೆ ಕೇಬಲ್ ಹಾಕಿ ಹೊಸ ಮೆಷಿನ್‌ಗೆ ಜೋಡಿಸಲು ಆಗದು. ಏರ್‌ಪ್ಲೇ ಮೂಲಕ ಚಿತ್ರ ಕಳಿಸಬಹುದು, ಆದರೆ ಬಣ್ಣ ತಿದ್ದುವ ಕೆಲಸಕ್ಕೆ ಅದು ಬೇಡ. ಇಡೀ ಮೆಷಿನ್‌ನಲ್ಲಿ ಜಾಸ್ತಿ ದಿನ ಬಾಳುವ ಭಾಗವನ್ನು ಹೀಗೆ ಕಟ್ಟಿಹಾಕಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಕಾಯುವುದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮುಂದಿನ ಮಾಡೆಲ್ ಬಗ್ಗೆ ಸುದ್ದಿ ಓದಿ ಕಾಯಬೇಡಿ. ಈಗಿನ ಮೆಷಿನ್‌ನಿಂದ ಒಂದು ಕೆಲಸ ಕೈತಪ್ಪಿತು, ಇಲ್ಲಾ ಗಡುವು ಮೀರಿತು ಅನ್ನುವ ದಿನ ಏನು ಸಿಗುತ್ತದೋ ಅದರಲ್ಲಿ ಒಳ್ಳೆಯದನ್ನು ಕೊಳ್ಳಿ. ಆ ದಿನ ಬರುವವರೆಗೆ ಕೊಳ್ಳಬೇಡಿ.

ವಿಂಡೋಸ್‌ಗೆ ಹೋಗುವುದು ತಪ್ಪೇನಲ್ಲ. ಬೇಕಾದ ಗ್ರಾಫಿಕ್ಸ್ ಕಾರ್ಡ್, ಬೇಕಾದಷ್ಟು ಮೆಮೊರಿ, ಬೇಕಾದಾಗ ಬದಲಾಯಿಸುವ ಸ್ವಾತಂತ್ರ್ಯ ಅಲ್ಲಿದೆ. ಮೂರು ಆಯಾಮದ ಕೆಲಸ ಜಾಸ್ತಿ ಇದ್ದರೆ ನಾನೇ ಅತ್ತ ಕಳಿಸುತ್ತೇನೆ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಎರಡೂ ಅಲ್ಲೂ ಇವೆ. ಆಪಲ್‌ನ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಮಾತ್ರ ಇಲ್ಲ. ನಿಮ್ಮ ಹಳೇ ಮ್ಯಾಕ್ ಡಿಸ್ಕ್‌ಗಳನ್ನು ವಿಂಡೋಸ್ ತಾನಾಗಿ ಓದುವುದಿಲ್ಲ, ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ಆದರೆ ಸಿಟ್ಟಿನಿಂದ ಹೋಗಬೇಡಿ. ಅಲ್ಲೂ ಇದೇ ಕಥೆ ಇದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಮತ್ತು ಒಂದು ಮಟ್ಟದ ಪ್ರೊಸೆಸರ್ ಬೇಕು ಅಂದಿದ್ದರಿಂದ, ಚೆನ್ನಾಗಿ ಓಡುತ್ತಿದ್ದ ಎಷ್ಟೋ ಮೆಷಿನ್‌ಗಳು ಹೊರಗುಳಿದವು.

ಐದನೇ ದಾರಿಯೂ ಒಂದಿದೆ ಅಂತ ಯಾರಾದರೂ ಹೇಳಿಯಾರು. ಬೆಂಬಲ ಇಲ್ಲದ ಮ್ಯಾಕ್‌ಗೆ ಓಪನ್‌ಕೋರ್ ಲೆಗಸಿ ಪ್ಯಾಚರ್ ಹಾಕಿ ಹೊಸ ಮ್ಯಾಕ್‌ಓಎಸ್ ಓಡಿಸುವುದು. ಅದಕ್ಕೆ ದುಡಿದವರ ಬಗ್ಗೆ ನನಗೆ ಗೌರವ ಇದೆ. ಆದರೆ ಅದಕ್ಕಾಗಿ ಕೆಲವು ಭದ್ರತಾ ಕಾವಲುಗಳನ್ನು ಸಡಿಲ ಮಾಡಬೇಕಾಗುತ್ತದೆ. ಒಂದು ಅಪ್‌ಡೇಟ್‌ಗೆ ಎಲ್ಲ ನಿಂತುಹೋಗಬಹುದು. ಗಿರಾಕಿಯ ಕೆಲಸ ಇರುವ ಮೆಷಿನ್‌ನಲ್ಲಿ ಬೇಡ.

ಯಾವ ದಾರಿ ಹಿಡಿದರೂ ಒಂದು ಕೆಲಸ ಬಾಕಿ ಉಳಿಯುತ್ತದೆ. ಹಳೇ ಗ್ರಾಹಕರಿಗೆ ಹಾರ್ಡ್‌ವೇರ್‌ಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಸಾಫ್ಟ್‌ವೇರ್. 2011ರ ಜೂನ್‌ನಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್, ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳನ್ನು ತೆರೆಯಲೇ ಇಲ್ಲ. 2014ರಲ್ಲಿ ತನ್ನ ಫೋಟೊ ಸಾಫ್ಟ್‌ವೇರ್ ಅಪರ್ಚರ್ ನಿಲ್ಲಿಸುತ್ತೇವೆ ಅಂದಾಗ ಫೋಟೊಗ್ರಾಫರ್‌ಗಳ ವರ್ಷಗಟ್ಟಲೆ ಕೆಲಸ ಅದರೊಳಗಿತ್ತು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ ಹಳೇ ಬಗೆಯ 32 ಬಿಟ್ ಆ್ಯಪ್‌ಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಹಾಗಾಗಿ ಮುಗಿದ ಪ್ರತಿ ಪ್ರಾಜೆಕ್ಟ್‌ಗೂ ಒಂದು ಪ್ರೊರೆಸ್ ಮಾಸ್ಟರ್, ಬೇರೆ ಸಾಫ್ಟ್‌ವೇರ್ ಕೂಡ ಓದಬಲ್ಲ ಎಡಿಟಿಂಗ್ ವಿವರದ ಒಂದು ಎಕ್ಸ್‌ಎಂಎಲ್ ಫೈಲ್ ತೆಗೆದಿಡಿ. ಆಗ ಯಾವ ಕಂಪನಿ ಏನು ಮಾಡಿದರೂ ನಿಮ್ಮ ಕೆಲಸ ನಿಮ್ಮ ಕೈಯಲ್ಲಿರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಮೆಮೊರಿ, ಬ್ಯಾಕಪ್, ಪ್ರಾಕ್ಸಿ ಮೂರನ್ನೂ ಸರಿಮಾಡಿಕೊಂಡು ಐಮ್ಯಾಕ್‌ನಲ್ಲೇ ಮುಂದುವರಿಯುತ್ತಿದ್ದೆ, 2028ಕ್ಕೆ ಮೊದಲು ಮ್ಯಾಕ್ ಸ್ಟುಡಿಯೊಗೆ ಹೋಗುತ್ತಿದ್ದೆ. ಹೋಗುವ ಮುಂಚೆ ನೀವು ಬಳಸುವ ಪ್ಲಗಿನ್‌ಗಳ ಪಟ್ಟಿ ಮಾಡಿ. ಎಂ ಸರಣಿಗೆ ಅಂತ ಹೊಸದಾಗಿ ಬಂದಿರುವುದು ಯಾವುದು, ಇಂಟೆಲ್‌ನಲ್ಲೇ ನಿಂತಿರುವುದು ಯಾವುದು ನೋಡಿ. ಇಂಟೆಲ್‌ನವು ಹೊಸ ಮೆಷಿನ್‌ನಲ್ಲಿ ರೊಸೆಟ್ಟಾ (ಇಂಟೆಲ್ ಸಾಫ್ಟ್‌ವೇರನ್ನು ಎಂ ಚಿಪ್‌ಗೆ ಹೊಂದಿಸುವ ಆಪಲ್ ಸೌಲಭ್ಯ) ಮೂಲಕ ಓಡಬಹುದು. ಆದರೆ ಕೆಲವು ಹಳೇ ಆಟಗಳಿಗೆ ಬೇಕಾದಷ್ಟನ್ನು ಬಿಟ್ಟರೆ, ಆ ಸೌಲಭ್ಯ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಅಂತ ಆಪಲ್ ಹೇಳಿದೆ. ಅಂಥ ಪ್ಲಗಿನ್ ಮೇಲೆ ನಿಂತ ಪ್ರಾಜೆಕ್ಟ್‌ಗಳನ್ನು ಈ ಐಮ್ಯಾಕ್‌ನಲ್ಲೇ ರೆಂಡರ್ ಮಾಡಿ ಮುಗಿಸಿಬಿಡಿ.